ಮಾಸ್ಟ್ ಎಷ್ಟೆತ್ತರ, ಸೇತುವೆ ಎಷ್ಟೆತ್ತರ: ಕನ್ನಂಬಾಡಿ ಹಿನ್ನೀರಿನಿಂದ ಕರಾವಳಿಗೆ ಹೊರಟವರಿಗೆ

ಮಳೆಗಾಲ ಬಂತೆಂದರೆ ಮೈಸೂರು, ಮಂಡ್ಯದ ಮನೆಗಳಲ್ಲಿ ಪತ್ರಿಕೆ ತೆರೆದ ಕೂಡಲೇ ಕಣ್ಣು ಹೋಗುವುದು ಜಲಾಶಯಗಳ ಮಟ್ಟದ ಪಟ್ಟಿಗೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಅದರ ಪಕ್ಕದಲ್ಲೇ ಕಬಿನಿ, ಗರಿಷ್ಠ ಮಟ್ಟ 2,284 ಅಡಿ. ಹಾಗಂತ ಕಬಿನಿ ಎರಡು ಸಾವಿರ ಅಡಿ ಆಳ ಎಂದು ಯಾರೂ ತಿಳಿಯುವುದಿಲ್ಲ. ಕೆಆರ್‌ಎಸ್ ಮಟ್ಟ ಅಣೆಕಟ್ಟೆಯದೇ ಸೊನ್ನೆಯಿಂದ ಅಳೆದದ್ದು, ಕಬಿನಿಯದು ಸಮುದ್ರ ಮಟ್ಟದಿಂದ ಅಳೆದದ್ದು. ಸ್ಥಿರ ಸೇತುವೆಯ ಕೆಳಗೆ ಹಾಯಿದೋಣಿ ದಾಟಿಸುವ ಲೆಕ್ಕ ಪೂರ್ತಿ ನಿಂತಿರುವುದೂ ಇದರ ಮೇಲೆಯೇ. ದೋಣಿ ಕಂಪನಿಯ ಕೈಪಿಡಿಯಲ್ಲಿ ಒಂದು ಎತ್ತರ ಇರುತ್ತದೆ, ನಕ್ಷೆಯಲ್ಲಿ ಸೇತುವೆಗೆ ಇನ್ನೊಂದು, ಉಬ್ಬರ ಇಳಿತದ ಪಟ್ಟಿಯಲ್ಲಿ ಮತ್ತೊಂದು. ಮೂರಕ್ಕೂ ಸೊನ್ನೆ ಬೇರೆ ಬೇರೆ. ಅದನ್ನು ನೋಡದೆ ಒಂದರಿಂದ ಒಂದನ್ನು ಕಳೆದವರ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಸೇತುವೆಯ ತೊಲೆಗೆ, ಅಂದರೆ ಗರ್ಡರಿಗೆ ತಗಲುತ್ತದೆ.

ಕನ್ನಂಬಾಡಿ ಹಿನ್ನೀರಿನಲ್ಲಿ ಆಪ್ಟಿಮಿಸ್ಟ್, ಲೇಸರ್, ಎಂಟರ್‌ಪ್ರೈಸ್ ಎಂಬ ಸಣ್ಣ ಹಾಯಿದೋಣಿಗಳಲ್ಲಿ ಕಲಿಯುವಾಗ ಸೇತುವೆಯ ಯೋಚನೆ ಬರುವುದಿಲ್ಲ. ಗಾಳಿ, ಅಲೆ, ಎದುರು ಬರುವ ದೋಣಿ ಇಷ್ಟೇ ಲೋಕ. ಅದೇ ಜನ ಎಂಟು, ಹತ್ತು ಮೀಟರಿನ ಕ್ಯಾಬಿನ್ ದೋಣಿ ಹಿಡಿದು ಮಂಗಳೂರು, ಕಾರವಾರ, ಗೋವಾ, ಕೊಚ್ಚಿ ಕಡೆ ಹೊರಟಾಗ ಮೊದಲು ಎದುರಾಗುವುದೇ ಇದು. ನೇತ್ರಾವತಿ, ಶಾಂಭವಿ, ಶರಾವತಿ, ಕಾಳಿ, ಯಾವ ನದಿಯ ಬಾಯಿಂದ ಒಳಗೆ ಹೋದರೂ ಹೆದ್ದಾರಿ 66ರದ್ದೊಂದು ಸೇತುವೆ, ರೈಲಿನದ್ದೊಂದು ಸೇತುವೆ ಅಡ್ಡ ಸಿಗುತ್ತವೆ. ಇವು ಯಾವುವೂ ದೋಣಿಗಾಗಿ ಏಳುವ, ತಿರುಗುವ ಸೇತುವೆಗಳಲ್ಲ. ಹೊನ್ನಾವರದ ಶರಾವತಿ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಆದರೆ ಹಾಯಿದೋಣಿಗೆ ಬೇಕಾದ್ದು ಉದ್ದ ಅಲ್ಲ, ಎತ್ತರ.

ನಮ್ಮ ರಸ್ತೆ ಸೇತುವೆ ಕಟ್ಟುವವರ ಮನಸ್ಸಿನಲ್ಲಿ ಮಾಸ್ಟ್ ಇರುವುದಿಲ್ಲ, ಪ್ರವಾಹ ಇರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆ ಪ್ರಕಾರ ನದಿಯ ಅತಿ ಹೆಚ್ಚಿನ ಪ್ರವಾಹ ಮಟ್ಟದ ಮೇಲೆ ಗರ್ಡರ್ ತಳಕ್ಕೆ ಬಿಡಬೇಕಾದ ಕನಿಷ್ಠ ಅಂತರ, ಸೆಕೆಂಡಿಗೆ 300ರಿಂದ 3,000 ಘನ ಮೀಟರ್ ಹರಿಯುವ ನದಿಗೆ 1.2 ಮೀಟರ್, ಅದಕ್ಕೂ ದೊಡ್ಡದಕ್ಕೆ 1.5 ಮೀಟರ್. ತೇಲಿ ಬರುವ ಮರ ಮಟ್ಟು ಸಿಕ್ಕಿಕೊಳ್ಳದೆ ಹೋಗಲಿ ಎಂಬುದಷ್ಟೇ ಉದ್ದೇಶ. ಹಡಗು ಓಡಾಡುವ ಜಲಮಾರ್ಗ ಎಂದು ಗುರುತಿಸಿದ ಕಡೆ ಮಾತ್ರ ಬೇರೆ ನಿಯಮ. ಪ್ರವಾಹ ಮಟ್ಟ ಎಂದರೆ ಏನೆಂದು ಮಂಡ್ಯ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಅಣೆಕಟ್ಟೆಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದಲ್ಲಿ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಎಷ್ಟು ಕಾಣುತ್ತವೆ, ಬೇಸಿಗೆಯಲ್ಲಿ ಎಷ್ಟು ಕಾಣುತ್ತವೆ ಎಂದು ನೋಡಿದವರಿಗೆ ಗೊತ್ತು: ಸೇತುವೆ ಕೆಳಗಿನ ಎತ್ತರ ಸ್ಥಿರವಾದ ಸಂಖ್ಯೆಯೇ ಅಲ್ಲ. ಸ್ಥಿರವಾಗಿರುವುದು ಗರ್ಡರ್ ಮಾತ್ರ.

ಈಗ ದೋಣಿಯ ಕಡೆಯ ಲೆಕ್ಕ. ನೀರಿನ ಮೇಲ್ಮೈಯಿಂದ ಮಾಸ್ಟಿನ ಮೇಲಿರುವ ಅತಿ ಎತ್ತರದ ವಸ್ತುವಿನ ತುದಿಯವರೆಗಿನ ಅಳತೆಗೆ ಏರ್ ಡ್ರಾಫ್ಟ್ ಎನ್ನುತ್ತಾರೆ. ಕೈಪಿಡಿಯಲ್ಲಿ ಬರೆದ ಮಾಸ್ಟ್ ಎತ್ತರವನ್ನು ಇದೇ ಎಂದು ಹಿಡಿಯಬೇಡಿ. ಅದು ಕೆಲವೊಮ್ಮೆ ಡೆಕ್‌ನಿಂದ (ದೋಣಿಯ ಮೇಲ್ಹಾಸಿನಿಂದ) ಅಳೆದದ್ದು, ಕೆಲವೊಮ್ಮೆ ಮಾಸ್ಟ್ ಕೊಳವೆಯದೇ ಉದ್ದ, ಕೆಲವೊಮ್ಮೆ ನೀರಿನಿಂದ ಅಳೆದದ್ದಾದರೂ ತುದಿಯ ದೀಪ, ಆಂಟೆನಾ ಬಿಟ್ಟು. ಹಳೆಯ ದೋಣಿ ಕೊಂಡಿದ್ದರಂತೂ ಹಿಂದಿನ ಮಾಲೀಕರು ಮೇಲೆ ಏನೇನು ಸೇರಿಸಿದ್ದಾರೋ ನಿಮಗೆ ತಿಳಿಯದು. ವಿಎಚ್‌ಎಫ್ ರೇಡಿಯೊದ ಕಡ್ಡಿ ಆಂಟೆನಾವೇ ಮುಕ್ಕಾಲು ಮೀಟರಿನಿಂದ ಒಂದು ಮೀಟರಿನವರೆಗೆ ಇರುತ್ತದೆ. ಗಾಳಿ ದಿಕ್ಕು ತೋರಿಸುವ ಬಾಣ, ಲಂಗರು ದೀಪ, ಸಿಡಿಲು ಕಡ್ಡಿ ಇವೂ ಲೆಕ್ಕಕ್ಕೆ.

ಅಳೆಯಲು ಬೇಕಾದ್ದು ಸಿವಿಲ್ ಕೆಲಸದವರು ಬಳಸುವ 30 ಮೀಟರಿನ ಫೈಬರ್ ಟೇಪ್. ಉಕ್ಕಿನ ಟೇಪ್ ಬೇಡ, ಅದು ಕರೆಂಟಿನ ತಂತಿಗೆ ತಗುಲಿದರೆ ವಿದ್ಯುತ್ ಹರಿಯುತ್ತದೆ. ಬೆಳಗಿನ ಜಾವ ಗಾಳಿ ಏಳುವ ಮೊದಲು, ದೋಣಿ ನೀರಿನಲ್ಲಿ ನೇರವಾಗಿ ನಿಂತಿರುವಾಗ ಮಾಡಿ. ದೊಡ್ಡ ಹಾಯಿ ಎತ್ತುವ ಹಗ್ಗದ ಕೊಂಡಿಗೆ ಟೇಪಿನ ತುದಿ ಕಟ್ಟಿ, ಅದರ ಜೊತೆಗೇ ಕೆಳಗೆ ಎಳೆದುಕೊಳ್ಳಲು ಇನ್ನೊಂದು ತೆಳು ಹಗ್ಗವನ್ನೂ ಕಟ್ಟಿ, ರಾಟೆಗೆ ಮುಟ್ಟುವವರೆಗೆ ಎತ್ತಿ. ತೆಳು ಹಗ್ಗ ಮರೆತರೆ ಕೊಂಡಿ ಮೇಲೇ ಉಳಿದು ಯಾರಾದರೂ ಮಾಸ್ಟ್ ಹತ್ತಬೇಕಾಗುತ್ತದೆ.

ಬಹಳ ಜನ ಟೇಪನ್ನು ದೋಣಿಯ ಪಕ್ಕಕ್ಕೆ ಎಳೆದು ನೇರ ನೀರಿಗೆ ಮುಟ್ಟಿಸಿ ಓದುತ್ತಾರೆ. ಟೇಪ್ ಓರೆಯಾಗುವುದರಿಂದ ಅಳತೆ ಹೆಚ್ಚು ಬರುತ್ತದೆ. 14.6 ಮೀಟರ್ ಎತ್ತರಕ್ಕೆ 1.6 ಮೀಟರ್ ಪಕ್ಕಕ್ಕೆ ಎಳೆದರೆ ಸುಮಾರು 9 ಸೆಂಟಿಮೀಟರ್ ವ್ಯತ್ಯಾಸ. ತಪ್ಪು ಸುರಕ್ಷಿತ ಕಡೆಗೇ ಇದೆ, ಆದರೂ ಗೊತ್ತಿಲ್ಲದ ತಪ್ಪನ್ನು ಅಳತೆಯೊಳಗೆ ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ಸರಿಯಾದ ಕ್ರಮ ಎಂದರೆ ಟೇಪನ್ನು ಮಾಸ್ಟಿಗೆ ಒತ್ತಿಕೊಂಡಂತೆ ಬುಡದ ಡೆಕ್‌ವರೆಗೆ ಅಳೆಯುವುದು. ಆಮೇಲೆ ಆ ಡೆಕ್ ಮಟ್ಟದಲ್ಲಿ ಒಂದು ನೇರ ಪಟ್ಟಿಯನ್ನು ಅಡ್ಡ ಇಟ್ಟು, ದೋಣಿಯ ಅಂಚಿನಾಚೆ ಚಾಚಿ, ಅದರಿಂದ ನೀರಿಗೆ ಅಳೆಯುವುದು. ಪಟ್ಟಿಯ ಮೇಲೆ ಗಾರೆ ಕೆಲಸದವರ ಮಟ್ಟಗೋಲು ಇಟ್ಟರೆ ಇನ್ನೂ ನಿಖರ. ಎರಡನ್ನೂ ಕೂಡಿ, ರಾಟೆಯಿಂದ ಮೇಲಿರುವುದನ್ನು ಸೇರಿಸಿ. ಉದಾಹರಣೆಗೆ ರಾಟೆಯಿಂದ ನೀರಿಗೆ 14.62, ರಾಟೆಯಿಂದ ಮಾಸ್ಟಿನ ತಲೆಗೆ 0.08, ಆಂಟೆನಾ 0.95 ಮೀಟರ್ ಇದ್ದರೆ ಏರ್ ಡ್ರಾಫ್ಟ್ 15.65 ಮೀಟರ್. ಬಾಣ 38 ಸೆಂಟಿಮೀಟರ್ ಇದ್ದರೂ ಅದು ಆಂಟೆನಾಗಿಂತ ಕೆಳಗಿರುವುದರಿಂದ ಕೂಡಿಸಬೇಕಿಲ್ಲ.

ದೋಣಿಗೆ ಭಾರ ತುಂಬಿದರೆ ತಗ್ಗುತ್ತದಲ್ಲ ಎಂಬ ಪ್ರಶ್ನೆ ಸಾಮಾನ್ಯ. ತಗ್ಗುವುದು ನಿಜ, ಎಷ್ಟು ಎಂದು ನೋಡಿ. ನೀರಿನ ಮಟ್ಟದಲ್ಲಿ 8 ಮೀಟರ್ ಉದ್ದ, 2.6 ಮೀಟರ್ ಅಗಲ ಇರುವ ದೋಣಿಯ ತೇಲುವ ವಿಸ್ತೀರ್ಣ ಹೆಚ್ಚು ಕಡಿಮೆ 14.5 ಚದರ ಮೀಟರ್. ಅದನ್ನು ಒಂದು ಸೆಂಟಿಮೀಟರ್ ಮುಳುಗಿಸಲು ಸುಮಾರು 150 ಕೆಜಿ ಬೇಕು. ಹತ್ತು ಜನರನ್ನು ಹತ್ತಿಸಿದರೆ ಐದು ಸೆಂಟಿಮೀಟರ್ ಕೂಡ ಸಿಗುವುದಿಲ್ಲ. ಹಾಗಾಗಿ ಅಳೆಯುವಾಗ ಟ್ಯಾಂಕು ಖಾಲಿ ಇಟ್ಟು ಅಳೆಯಿರಿ. ದೋಣಿ ಇನ್ನು ಅದಕ್ಕಿಂತ ಮೇಲೆ ಏಳಲಾರದು. ಭಾರ ಹಾಕಿ ಸೇತುವೆ ದಾಟುವ ಆಸೆ ಬಿಟ್ಟುಬಿಡಿ.

ಸೇತುವೆಯ ಕಡೆಯ ಲೆಕ್ಕಕ್ಕೆ ಬಂದರೆ, ಸಮುದ್ರ ನಕ್ಷೆಯಲ್ಲಿ ಎರಡು ಸೊನ್ನೆಗಳು ಒಟ್ಟಿಗೇ ಇರುತ್ತವೆ. ನೀರಿನ ಆಳವನ್ನು ಅತಿ ತಗ್ಗಿನ ಇಳಿತದ ಮಟ್ಟದಿಂದ ಬರೆಯುತ್ತಾರೆ. ಸೇತುವೆ, ತಂತಿಗಳ ಎತ್ತರವನ್ನು ಉಬ್ಬರದ ಮಟ್ಟದಿಂದ ಬರೆಯುತ್ತಾರೆ. ಎರಡೂ ಕಡೆ ಕೆಟ್ಟ ಪರಿಸ್ಥಿತಿಯನ್ನೇ ಹಿಡಿದಿರುತ್ತಾರೆ, ಅದು ನಾವಿಕನ ಒಳ್ಳೆಯದಕ್ಕೇ. ಆದರೆ ಯಾವ ಉಬ್ಬರ ಎಂಬುದು ದೇಶದಿಂದ ದೇಶಕ್ಕೆ, ನಕ್ಷೆಯಿಂದ ನಕ್ಷೆಗೆ ಬದಲು. ಅಮೆರಿಕದ ನಕ್ಷೆಗಳಲ್ಲಿ ಎಲ್ಲ ಉಬ್ಬರಗಳ ಸರಾಸರಿ. ಅಂದರೆ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದಲ್ಲಿ ನಕ್ಷೆಯ ಅಂಕಿಗಿಂತಲೂ ಕಡಿಮೆ ಜಾಗ ಇರುತ್ತದೆ. ಇತರ ಕಡೆಯ ಹಳೆಯ ನಕ್ಷೆಗಳಲ್ಲಿ ಹುಣ್ಣಿಮೆ ಅಮಾವಾಸ್ಯೆ ಉಬ್ಬರಗಳ ಸರಾಸರಿ, ಹೊಸ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಖಗೋಳ ಲೆಕ್ಕಕ್ಕೆ ಬರಬಹುದಾದ ಅತಿ ಎತ್ತರದ ಉಬ್ಬರ. ನಕ್ಷೆಯ ಶೀರ್ಷಿಕೆ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಇದು ಬರೆದಿರುತ್ತದೆ. ಮೊಬೈಲಿನ ನಕ್ಷೆ ಆ್ಯಪ್‌ನಲ್ಲಿ ಸೇತುವೆ ಮೇಲೆ ಒತ್ತಿ ನೋಡಿದರೆ ಅಂಕಿ ಸಿಗಬಹುದು, ಸೊನ್ನೆ ಯಾವುದೆಂದು ಬಹಳ ಸಲ ಸಿಗುವುದಿಲ್ಲ. ನಮ್ಮ ದೇಶದ ನಕ್ಷೆಗಳು ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಯವು, ಉಬ್ಬರ ಇಳಿತದ ಪಟ್ಟಿ ಭಾರತೀಯ ಸರ್ವೇಕ್ಷಣ ಇಲಾಖೆಯದು. ಪಟ್ಟಿಯ ಸೊನ್ನೆ ಮತ್ತೆ ಆ ತಗ್ಗಿನ ಇಳಿತದ ಮಟ್ಟವೇ, ಆಳ ಅಳೆದ ಸೊನ್ನೆ.

ಆದ್ದರಿಂದ ಕೂಡಿ ಕಳೆಯುವ ಕ್ರಮ ಹೀಗೆ. ನಕ್ಷೆಯಲ್ಲಿ ಸೇತುವೆಗೆ 15 ಮೀಟರ್ ಎಂದು ಬರೆದಿದೆ, ಅದು ಹುಣ್ಣಿಮೆ ಅಮಾವಾಸ್ಯೆ ಉಬ್ಬರದ ಸರಾಸರಿ ಮೇಲೆ ಎನ್ನೋಣ. ಆ ಉಬ್ಬರದ ಎತ್ತರ ಪಟ್ಟಿಯ ಸೊನ್ನೆಯಿಂದ 1.6 ಮೀಟರ್. ನೀವು ದಾಟುವ ಗಳಿಗೆಗೆ ಪಟ್ಟಿಯಲ್ಲಿ ಇರುವ ಮಟ್ಟ 0.5 ಮೀಟರ್. ಅಂದರೆ ನೀರು 1.1 ಮೀಟರ್ ಕೆಳಗಿದೆ, ಸಿಗುವ ಎತ್ತರ 16.1 ಮೀಟರ್. ಮೇಲಿನ 15.65ರ ದೋಣಿಗೆ ಉಳಿಯುವುದು 45 ಸೆಂಟಿಮೀಟರ್. ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಮೀನುಗಾರಿಕೆ ದೋಣಿಯೊಂದು ಪಕ್ಕದಲ್ಲಿ ಹಾದುಹೋದರೆ ಎಬ್ಬಿಸುವ ಅಲೆಗೇ 20, 30 ಸೆಂಟಿಮೀಟರ್ ಹೋಗುತ್ತದೆ. ಪಟ್ಟಿಯ ಲೆಕ್ಕ ಬಂದರಿಗೆ ಮಾಡಿದ್ದು, ಸೇತುವೆ ಇರುವುದು ಹೊಳೆಯ ಒಳಗೆ. ಅಲ್ಲಿಗೆ ಇಳಿತ ತಡವಾಗಿ ತಲುಪುತ್ತದೆ, ಪೂರ್ತಿ ತಲುಪದೆಯೂ ಇರಬಹುದು. ನೈರುತ್ಯದ ಗಾಳಿ ದಡಕ್ಕೆ ನೀರನ್ನು ದಬ್ಬಿದರೆ ಅದು ಪಟ್ಟಿಯಲ್ಲಿ ಇರುವುದಿಲ್ಲ. ಕನಿಷ್ಠ 60 ಸೆಂಟಿಮೀಟರ್, ಅಂದರೆ ಎರಡು ಅಡಿ ಉಳಿಯದಿದ್ದರೆ ಕಾಯಬೇಕು. ನೀರು 0.3ಕ್ಕೆ ಇಳಿದಾಗ 65 ಸೆಂಟಿಮೀಟರ್ ಸಿಗುತ್ತದೆ, ಆಗ ಹೋಗಬಹುದು.

ಇಳಿತಕ್ಕೆ ಕಾದು ದಾಟುವ ಈ ಉಪಾಯದಿಂದ ಎಷ್ಟು ಲಾಭ ಎಂಬುದು ಊರಿನ ಮೇಲೆ ನಿಂತಿದೆ. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಹತ್ತು ಮೀಟರ್ ದಾಟುತ್ತದೆ. ಮುಂಬೈಯಲ್ಲಿ ನಾಲ್ಕೈದು ಮೀಟರ್. ಕೆಳಗೆ ಬರುತ್ತಾ ಕಡಿಮೆಯಾಗಿ ಮಂಗಳೂರಿಗೆ ಒಂದೂವರೆ ಮೀಟರಿನ ಆಸುಪಾಸು, ಕೊಚ್ಚಿಗೆ ಇನ್ನೂ ಕಡಿಮೆ. ನಮ್ಮ ಕರಾವಳಿಯಲ್ಲಿ ಇಳಿತಕ್ಕೆ ಕಾದರೂ ಕೈಗೆ ಸಿಗುವುದು ಒಂದು ಮೀಟರ್ ಅಷ್ಟೇ ಎಂದಿಟ್ಟುಕೊಳ್ಳಿ. ಜೊತೆಗೆ ದಿನದ ಎರಡು ಉಬ್ಬರಗಳು ಇಲ್ಲಿ ಒಂದೇ ಸಮ ಇರುವುದಿಲ್ಲ, ಎರಡು ಇಳಿತಗಳೂ ಅಷ್ಟೆ. ಆರು ಗಂಟೆಯನ್ನು ಆರು ಪಾಲು ಮಾಡಿ 1, 2, 3, 3, 2, 1 ಎಂದು ಹನ್ನೆರಡರಲ್ಲಿ ಹಂಚುವ ಪಾಠ ಪುಸ್ತಕದ ಸೂತ್ರವನ್ನು ನಮ್ಮ ಕಡೆ ಅಂದಾಜಿಗೆ ಬಳಸಿ, ಸೇತುವೆಗೆ ಬಳಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆನೀರು ಹೊಳೆಗೆ ಇಳಿಯುತ್ತಿರುವಾಗ ಯಾವ ಪಟ್ಟಿಯೂ ಉಪಯೋಗಕ್ಕೆ ಬಾರದು.

ಸ್ಥಿರ ಸೇತುವೆಗಳು ದೋಣಿ ಕಟ್ಟುವವರನ್ನೇ ಹೇಗೆ ಬಗ್ಗಿಸುತ್ತವೆ ಎಂಬುದಕ್ಕೆ ಅಮೆರಿಕದ ಪೂರ್ವ ಕರಾವಳಿಯ ಒಳ ಜಲಮಾರ್ಗ ಒಳ್ಳೆಯ ಉದಾಹರಣೆ. ನಾರ್ಫೋಕ್‌ನಿಂದ ಫ್ಲಾರಿಡಾವರೆಗೆ ಹೋಗುವ ಈ ದಾರಿಯಲ್ಲಿ ಸ್ಥಿರ ಸೇತುವೆಗಳಿಗೆ 65 ಅಡಿ, ಅಂದರೆ 19.8 ಮೀಟರ್ ಎಂಬುದು ರೂಢಿಯ ಎತ್ತರ. ಉತ್ತರ ಕ್ಯಾರೊಲಿನಾದ ವಿಲ್ಕರ್ಸನ್ ಸೇತುವೆ ಮಾತ್ರ 64 ಅಡಿ ಎಂದು ಹೆಸರಾಗಿದೆ. ಮಯಾಮಿಯ ಜೂಲಿಯಾ ಟಟ್ಲ್ ಸೇತುವೆ 56 ಅಡಿ, ಹಾಗಾಗಿ ಎತ್ತರದ ಮಾಸ್ಟಿನವರು ಅಲ್ಲಿ ಹೊರಗೆ ಸಮುದ್ರಕ್ಕೆ ಹೋಗಿ ಸುತ್ತಿಕೊಂಡು ಬರಬೇಕು. ಈ 65 ಅಡಿಗಾಗಿಯೇ ಎಷ್ಟೋ ದೋಣಿಗಳು 63, 64 ಅಡಿಗೆ ಮಾಸ್ಟ್ ನಿಲ್ಲಿಸುತ್ತವೆ, ಕೆಲವು ಕಂಪನಿಗಳು ಅದೇ ದೋಣಿಯನ್ನು ಗಿಡ್ಡ ಮಾಸ್ಟಿನೊಂದಿಗೂ ಮಾರುತ್ತವೆ. ಹಳೆಯ ದೋಣಿ ಕೊಳ್ಳುವಾಗ ಈ ಎರಡರಲ್ಲಿ ಯಾವುದು ನಿಮ್ಮ ಕೈಗೆ ಬಂದಿದೆ ಎಂದು ಕೇಳಲೇಬೇಕು. ಹಾಯಿಯ ಅಳತೆಯೂ ಅದರಿಂದ ಬದಲಾಗುತ್ತದೆ.

ನಮ್ಮಲ್ಲಿ ಅಂಥ ಒಂದು ಗೇಟು ರಾಮೇಶ್ವರದ ಬಳಿಯ ಪಾಂಬನ್. ಶ್ರೀಲಂಕಾ ಸುತ್ತದೆ ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಹೋಗುವ ಸಣ್ಣ ದೋಣಿಗಳ ದಾರಿ ಅದು. 1914ರ ಹಳೆಯ ರೈಲು ಸೇತುವೆಯ ಜಾಗದಲ್ಲಿ ಏಪ್ರಿಲ್ 2025ರಲ್ಲಿ ಹೊಸದು ಉದ್ಘಾಟನೆಯಾಯಿತು. ಅದರ 72.5 ಮೀಟರಿನ ಅಂಕಣ ಲಿಫ್ಟಿನ ಹಾಗೆ ನೇರ 17 ಮೀಟರ್ ಮೇಲೇರುತ್ತದೆ. ಏರಿದಾಗ ಕೆಳಗೆ ಸಿಗುವುದು 22 ಮೀಟರ್. ಅಷ್ಟಕ್ಕೇ ಏಕೆ ನಿಲ್ಲಿಸಿದರು ಎಂದರೆ ಪಕ್ಕದಲ್ಲಿರುವ 1988ರ ರಸ್ತೆ ಸೇತುವೆ ಸ್ಥಿರ, ಅದರ ಎತ್ತರವೂ ಅಷ್ಟೆ. ರೈಲು ಸೇತುವೆ ಎಷ್ಟೇ ಏರಿದರೂ ರಸ್ತೆ ಸೇತುವೆ ಮೀರಿದ ಮಾಸ್ಟಿಗೆ ಪ್ರಯೋಜನ ಇಲ್ಲ. ಒಂದು ದಾರಿಯಲ್ಲಿ ಹತ್ತು ಸೇತುವೆ ಇದ್ದರೆ ನೀವು ನೋಡಬೇಕಾದ್ದು ಅತಿ ತಗ್ಗಿನ ಒಂದನ್ನು ಮಾತ್ರ. ಕೇರಳದ ಹಿನ್ನೀರಿನ ರಾಷ್ಟ್ರೀಯ ಜಲಮಾರ್ಗ 3ರಲ್ಲಿ, 1993ರಲ್ಲಿ ಘೋಷಣೆಯಾದದ್ದು, ಹಾಯಿ ಬಿಚ್ಚಿ ಕೊಲ್ಲಂವರೆಗೆ ಹೋಗುತ್ತೇವೆ ಎಂದುಕೊಂಡವರು ಇದೇ ಕಾರಣಕ್ಕೆ ಮಾಸ್ಟ್ ಇಳಿಸುವ ವ್ಯವಸ್ಥೆ ಇಲ್ಲದೆ ಹೊರಡಬಾರದು.

ಸೇತುವೆ ಹತ್ತಿರ ಬಂದಾಗ ಹಾಯಿ ಇಳಿಸಿ, ಎಂಜಿನ್ ಮೇಲೆ ಬನ್ನಿ. ಹರಿವಿಗೆ ಎದುರಾಗಿ ದಾಟುವುದು ಯಾವಾಗಲೂ ಮೇಲು. ಎದುರು ಹರಿವಿನಲ್ಲಿ ದೋಣಿಯನ್ನು ಗರ್ಡರಿನ ಮುಂದೆ ಹೆಚ್ಚು ಕಡಿಮೆ ನಿಲ್ಲಿಸಬಹುದು, ಅಂಗುಲ ಅಂಗುಲ ಮುಂದೆ ಬಿಡಬಹುದು, ಅನುಮಾನ ಬಂದರೆ ಎಂಜಿನ್ ಇಳಿಸಿದ ಕೂಡಲೇ ನೀರೇ ಹಿಂದಕ್ಕೆ ಒಯ್ಯುತ್ತದೆ. ಹರಿವಿನ ಜೊತೆ ಬಂದರೆ ಹಿಂದೆ ಸರಿಯುವ ಅವಕಾಶವೇ ಇಲ್ಲ, ಚುಕ್ಕಾಣಿಯ ಹಿಡಿತವೂ ಕಡಿಮೆ. ಇಳಿತದ ಹೊತ್ತಿನಲ್ಲಿ ಸಮುದ್ರದಿಂದ ಒಳಗೆ ಬರುವವರಿಗೆ ಎರಡೂ ಕೂಡಿಬರುತ್ತದೆ: ನೀರೂ ತಗ್ಗು, ಹರಿವೂ ಎದುರು. ಹೊರಗೆ ಹೋಗುವವರು ಇಳಿತ ಪೂರ್ತಿ ಮುಗಿದು ನೀರು ನಿಂತ ಗಳಿಗೆಗೆ ಕಾಯಬೇಕು.

ಕಣ್ಣಳತೆಯನ್ನು ನಂಬಬೇಡಿ. ಕೆಳಗೆ ಚುಕ್ಕಾಣಿ ಹಿಡಿದು ನಿಂತವರಿಗೆ ಮಾಸ್ಟ್ ತಗಲಿಯೇ ತಗಲುತ್ತದೆ ಎನಿಸುತ್ತದೆ, ಐದು ಮೀಟರ್ ಜಾಗ ಇದ್ದರೂ. ಹೀಗೆ ಹತ್ತು ಸಲ ಸುಮ್ಮನೆ ಹೆದರಿ ದಾಟಿದವರು ಹನ್ನೊಂದನೆಯ ಸಲ ಹೆದರುವುದನ್ನು ಬಿಡುತ್ತಾರೆ, ಅಪಾಯ ಆಗ. ಕೆಲವು ಕಡೆ ಕಂಬಕ್ಕೆ ಅಳತೆ ಪಟ್ಟಿ ಹೊಡೆದಿರುತ್ತಾರೆ, ನೀರು ಮುಟ್ಟಿದ ಅಂಕಿಯೇ ಆ ಗಳಿಗೆಯ ಎತ್ತರ. ಅದು ಇದ್ದರೆ ಉಬ್ಬರ ಇಳಿತದ ಪಟ್ಟಿಗಿಂತ, ನಕ್ಷೆಗಿಂತ ಅದೇ ಪ್ರಮಾಣ. ಕಮಾನು ಸೇತುವೆಯಾದರೆ ಬರೆದ ಎತ್ತರ ನಡುವಿನ ಸ್ವಲ್ಪ ಅಗಲಕ್ಕೆ ಮಾತ್ರ. ಗರ್ಡರ್ ತಳಕ್ಕೆ ಆಮೇಲೆ ನೇತುಹಾಕಿದ ನೀರಿನ ಪೈಪು, ಕೇಬಲ್ ತಟ್ಟೆ, ದೀಪ, ರಿಪೇರಿಗೆ ಕಟ್ಟಿದ ಸಾರುವೆ ಇವು ಯಾವುವೂ ನಕ್ಷೆಗೆ ಬಂದಿರುವುದಿಲ್ಲ. ಕಾರವಾರದ ಹಳೆಯ ಕಾಳಿ ಸೇತುವೆ ಆಗಸ್ಟ್ 2024ರಲ್ಲಿ ರಾತ್ರೋರಾತ್ರಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಇಂಥದ್ದು ಆದ ಕಡೆ ಮೇಲಿನ ಎತ್ತರದಷ್ಟೇ ಕೆಳಗಿನ ಅವಶೇಷದ ಬಗ್ಗೆಯೂ ಬಂದರು ಇಲಾಖೆಯಲ್ಲಿ ವಿಚಾರಿಸಿಯೇ ಕಾಲುವೆಗೆ ಇಳಿಯಬೇಕು.

ದೋಣಿಯನ್ನು ವಾಲಿಸಿ ದಾಟುವ ಒಂದು ಕಸರತ್ತು ಇದೆ. ಫ್ಲಾರಿಡಾದ ಒಕೀಚೋಬಿ ಜಲಮಾರ್ಗದಲ್ಲಿ 49 ಅಡಿಗೆ ಮಾತ್ರ ಏಳುವ ರೈಲು ಸೇತುವೆ ಒಂದಿದೆ, ಅಲ್ಲಿ ನೀರಿನ ಡ್ರಮ್ಮುಗಳನ್ನು ಒಂದು ಪಕ್ಕಕ್ಕೆ ಇಟ್ಟು ದೋಣಿ ವಾಲಿಸುತ್ತಾರೆ. ಲೆಕ್ಕ ಸರಳ: ಎತ್ತರವನ್ನು ವಾಲಿದ ಕೋನದ ಕೊಸೈನ್‌ನಿಂದ ಗುಣಿಸಿ. 16.5 ಮೀಟರಿನ ಮಾಸ್ಟ್ 14 ಡಿಗ್ರಿ ವಾಲಿದರೆ 16 ಮೀಟರ್ ಆಗುತ್ತದೆ. ಅರ್ಧ ಮೀಟರ್ ಗಳಿಸಲು ಮಾಸ್ಟಿನ ತುದಿ ನಾಲ್ಕು ಮೀಟರ್ ಪಕ್ಕಕ್ಕೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಆರು ಟನ್ನಿನ ದೋಣಿಯನ್ನು ಅಷ್ಟು ವಾಲಿಸಲು ಬೂಮನ್ನು (ಹಾಯಿಯ ಬುಡದ ಅಡ್ಡಕೋಲನ್ನು) ಹೊರಗೆ ಚಾಚಿ ಅದರ ಮೇಲೆ, ನಡುವಿನಿಂದ ಮೂರೂವರೆ ಮೀಟರ್ ದೂರದಲ್ಲಿ, ಸುಮಾರು 400 ಕೆಜಿ ತೂಗಬೇಕು. ಆ ನೀರಿನ ಚೀಲ ಹರಿದರೆ, ಹಗ್ಗ ಜಾರಿದರೆ, ದೋಣಿ ಗರ್ಡರಿನ ಕೆಳಗೇ ಎದ್ದು ನಿಲ್ಲುತ್ತದೆ. ಅದನ್ನೇ ನಿತ್ಯ ಮಾಡುವ ನುರಿತವರು ಜೊತೆಗಿಲ್ಲದೆ ಯಾರಿಗೂ ನಾನು ಇದನ್ನು ಹೇಳಲಾರೆ.

ಮಾಸ್ಟ್ ಇಳಿಸುವುದೇ ಸರಿಯಾದ ದಾರಿ, ಅದರಲ್ಲೂ ಟ್ರೇಲರ್ ಮೇಲೆ ಸಂಪಾಜೆ ಘಾಟಿ ಇಳಿಸಿ ಕರಾವಳಿಗೆ ಒಯ್ಯುವಂಥ ಏಳೆಂಟು ಮೀಟರಿನ ದೋಣಿಗಳಿಗೆ. ಮಾಸ್ಟ್ ಡೆಕ್ ಮೇಲೆ ನಿಂತಿದ್ದು, ಬುಡದಲ್ಲಿ ತಿರುಗುವ ಬೋಲ್ಟ್ ಇರುವ ಚೌಕಟ್ಟು ಇದ್ದರೆ ಇಬ್ಬರು ಸಾಕು. ಡೆಕ್ ತೂರಿ ದೋಣಿಯ ತಳದ ಕೀಲ್‌ವರೆಗೆ ಹೋದ ಮಾಸ್ಟಿಗೆ ಕ್ರೇನ್ ಇಲ್ಲದೆ ಕೈ ಹಾಕಬೇಡಿ.

ಇಲ್ಲಿ ಬಲದ ಲೆಕ್ಕ ತಿಳಿಯದೆ ಕೈಸುಟ್ಟುಕೊಳ್ಳುವವರು ಹೆಚ್ಚು. 9 ಮೀಟರ್ ಉದ್ದ, 40 ಕೆಜಿ ತೂಕದ ಮಾಸ್ಟ್, ಅದರ ಭಾರದ ಕೇಂದ್ರ ಬುಡದಿಂದ 4.2 ಮೀಟರ್ ಮೇಲೆ ಎನ್ನೋಣ. ಮಾಸ್ಟ್ ನೆಟ್ಟಗಿರುವಾಗ ಭಾರ ಗೊತ್ತಾಗುವುದೇ ಇಲ್ಲ. ಹಿಂದಕ್ಕೆ ಮಲಗುತ್ತಾ ಹೋದಂತೆ ಏರಿ, ಪೂರ್ತಿ ಅಡ್ಡವಾಗುವಾಗ 168 ಕೆಜಿ ಮೀಟರ್ ತಿರುಗುಬಲ ಬರುತ್ತದೆ. ಮಾಸ್ಟಿನಿಂದ ದೋಣಿಯ ಮೂತಿಗೆ ಬಿಗಿದ ಮುಂದಿನ ತಂತಿಯನ್ನೇ ಹಿಡಿದು ಮೂತಿಯಿಂದ ಎಳೆಯಲು ನೋಡಿದರೆ, ಮಾಸ್ಟ್ ಮಲಗಿದಾಗ ಆ ತಂತಿ ಮಾಸ್ಟಿನ ಉದ್ದಕ್ಕೂ ಒಂದೇ ಗೆರೆಯಲ್ಲಿ ಬಿದ್ದಿರುತ್ತದೆ. ಎಷ್ಟು ಎಳೆದರೂ ಮೇಲೇಳುವುದಿಲ್ಲ, ಬುಡವನ್ನು ಮುಂದಕ್ಕೆ ಜಗ್ಗುತ್ತದೆ ಅಷ್ಟೆ. ಅದಕ್ಕೇ ಮಾಸ್ಟಿನ ಬುಡದಲ್ಲಿ ಮುಂದಕ್ಕೆ ಚಾಚಿದ ಒಂದು ಎತ್ತುಕೋಲು ಬೇಕು. 2.5 ಮೀಟರಿನ ಗಟ್ಟಿ ಅಲ್ಯೂಮಿನಿಯಂ ಕೊಳವೆ ಆಗುತ್ತದೆ. ಮುಂದಿನ ತಂತಿಯನ್ನು ಮೂತಿಯಿಂದ ಬಿಚ್ಚಿ ಕೋಲಿನ ತುದಿಗೆ ಹಾಕಿ, ತುದಿಯಿಂದ ಮೂತಿಗೆ 4 ಪಟ್ಟು ರಾಟೆ ಹಾಕಿ. ಹಾಯಿ ನಿಯಂತ್ರಿಸುವ ಹಗ್ಗದ ರಾಟೆಯನ್ನೇ ಬಳಸಬಹುದು. ಮೂತಿ 2.7 ಮೀಟರ್ ಮುಂದಿದ್ದರೆ ಕೋಲಿನ ತುದಿಯಲ್ಲಿ ಬೇಕಾದ ಎಳೆತ ಹೆಚ್ಚೆಂದರೆ 92 ಕೆಜಿ. ರಾಟೆಯಲ್ಲಿ ಅದು 23, ಘರ್ಷಣೆ ಸೇರಿ 30ರ ಆಸುಪಾಸು. ಒಬ್ಬರು ಹಿಡಿಯಬಲ್ಲ ಭಾರ.

ಕೋಲು ಪಕ್ಕಕ್ಕೆ ಸರಿಯದಂತೆ ಅದರ ತುದಿಯಿಂದ ಎರಡೂ ಅಂಚಿಗೆ ಹಗ್ಗ ಬಿಗಿಯಬೇಕು. ಮಾಸ್ಟಿಗೂ ಅದೇ ಕಾಟ. ಇತ್ತೀಚಿನ ದೋಣಿಗಳಲ್ಲಿ ಪಕ್ಕದ ತಂತಿಗಳ ಬುಡ ಮಾಸ್ಟಿಗಿಂತ ಹಿಂದಿರುತ್ತದೆ. ಮಾಸ್ಟ್ ಹಿಂದಕ್ಕೆ ಬರುತ್ತಿದ್ದಂತೆ ಆ ತಂತಿಗಳು ಸಡಿಲವಾಗುತ್ತವೆ, ಮಾಸ್ಟ್ ಅತ್ತಿತ್ತ ತೂಗುತ್ತದೆ, ಬುಡದ ಚೌಕಟ್ಟು ತಿರುಚಿ ಡೆಕ್‌ನಿಂದ ಕಿತ್ತುಬರುತ್ತದೆ. ಇದನ್ನು ತಪ್ಪಿಸಲು ಮಾಸ್ಟಿನ ಮೂರನೇ ಒಂದು ಎತ್ತರದಿಂದ ಎರಡೂ ಪಕ್ಕಕ್ಕೆ ತಾತ್ಕಾಲಿಕ ತಂತಿ ಹಾಕಿ. ಅವುಗಳ ಬುಡ ಮಾಸ್ಟ್ ತಿರುಗುವ ಬೋಲ್ಟಿನ ನೇರಕ್ಕೇ, ಅದೇ ಎತ್ತರದಲ್ಲೇ ಇರಬೇಕು. ಹಾಗಿದ್ದರೆ ಮಾತ್ರ ಮೊದಲಿಂದ ಕೊನೆಯವರೆಗೆ ಬಿಗಿ ಒಂದೇ ಸಮ.

ಕೆಲಸ ಶುರುವಾಗುವ ಮೊದಲೇ ಹಾಯಿ, ಬೂಮ್ ತೆಗೆದಿಡಿ. ದೀಪದ, ರೇಡಿಯೊದ ವಯರು ಬುಡದಲ್ಲಿ ಬಿಚ್ಚಿ. ಮಾಸ್ಟಿನ ತಂತಿ ಬಿಗಿಯುವ ತಿರುಪುಗಳನ್ನು ಎಷ್ಟು ಸುತ್ತು ಸಡಿಲಿಸಿದಿರಿ ಎಂದು ಟೇಪು ಸುತ್ತಿ ಗುರುತು ಮಾಡಿ, ಇಲ್ಲದಿದ್ದರೆ ಮತ್ತೆ ನಿಲ್ಲಿಸಿದಾಗ ಮಾಸ್ಟ್ ಬಾಗಿರುತ್ತದೆ. ಹಿಂಬದಿಯಲ್ಲಿ ಮಾಸ್ಟ್ ಒರಗಲು ಕತ್ತರಿಗಾಲು ನಿಲ್ಲಿಸಿ, ಇಳಿಯುವ ದಾರಿಯ ಕೆಳಗೆ ಯಾರೂ ಇರಕೂಡದು. ಇಳಿಸುವಾಗ ಎಲ್ಲರೂ ಮೇಲೆ ನೋಡುತ್ತಾರೆ, ಹಾಳಾಗುವುದು ಕೆಳಗೆ. ಪಕ್ಕದ ತಂತಿಯ ತಿರುಪು ತನ್ನ ಕೊಂಡಿಯಲ್ಲಿ ಅಡ್ಡ ನಿಂತು ಡೆಕ್ಕಿಗೆ ಒತ್ತಿಕೊಳ್ಳುತ್ತದೆ, ಮಾಸ್ಟಿನ ಭಾರಕ್ಕೆ ಅದರ ಮರೆ (ತಿರುಪಿನ ಸುತ್ತಿರುವ ಕಡ್ಡಿ) ಬಾಗುತ್ತದೆ. ಬಾಗಿದ ತಿರುಪನ್ನು ತಟ್ಟಿ ನೆಟ್ಟಗೆ ಮಾಡಿ ಬಳಸುವವರಿದ್ದಾರೆ. ಸ್ಟೀಲಿನ ಮರೆ ಒಮ್ಮೆ ಬಾಗಿದರೆ ಅಲ್ಲಿ ಸೂಕ್ಷ್ಮ ಬಿರುಕು ಬಿಟ್ಟಿರಬಹುದು, ಬದಲಿಸಲೇಬೇಕು. ಮಾಸ್ಟ್ ಮತ್ತೆ ನಿಂತ ಮೇಲೆ ಪ್ರತಿ ಪಿನ್ನಿಗೂ ಸೀಳುಪಿನ್ ಅಥವಾ ಉಂಗುರ ಬಂದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ಈಗ ನಮ್ಮ ಹಿನ್ನೀರಿಗೆ ಬರೋಣ. ಇಲ್ಲಿ ಸೇತುವೆ ಇಲ್ಲದಿರಬಹುದು, ಕರೆಂಟಿನ ತಂತಿ ಇದೆ. ದೋಣಿಗೆ ಮಾಸ್ಟ್ ನಿಲ್ಲಿಸುವುದು ದಡದಲ್ಲಿ, ಅಲ್ಲಿಂದ ಗದ್ದೆ ಬದು, ಪಂಪ್‌ಸೆಟ್ಟು ದಾಟಿ ನೀರಿಗೆ ತಳ್ಳುವುದು. ವಿದ್ಯುತ್ ನಿಯಮದ ಪ್ರಕಾರ 11 ಕೆವಿ ಬರಿ ತಂತಿ ರಸ್ತೆ ದಾಟುವಲ್ಲಿ ಕನಿಷ್ಠ 6.1 ಮೀಟರ್ ಎತ್ತರ ಇರಬೇಕು, ರಸ್ತೆ ಬಿಟ್ಟು ಹೊಲಗದ್ದೆ ಮೇಲೆ 4.6 ಮೀಟರ್ ಇದ್ದರೂ ಸಾಕು. ಲೇಸರ್ ದೋಣಿಯ ಮಾಸ್ಟ್ ಆರು ಮೀಟರಿನ ಆಸುಪಾಸು, ಹೋಬಿ 16 ಎಂಬ ಕ್ಯಾಟಮರಾನಿನದು (ಜೋಡಿ ಒಡಲಿನ ದೋಣಿ) ಎಂಟು. ನಿಯಮಕ್ಕೆ ಸರಿಯಾಗಿ ಎಳೆದ ತಂತಿಯೇ ನಿಮ್ಮ ಮಾಸ್ಟಿಗಿಂತ ಕೆಳಗಿರಬಹುದು ಎಂದರ್ಥ. ಬಿಸಿಲು ಏರಿದಾಗ, ಪಂಪುಗಳೆಲ್ಲ ಓಡುವಾಗ ತಂತಿ ಇನ್ನೂ ಜೋಲುತ್ತದೆ. ಅಲ್ಯೂಮಿನಿಯಂ ಮಾಸ್ಟಿನ ಈ ಅಪಾಯದಿಂದಲೇ ಹೋಬಿ ಕಂಪನಿ 1980ರ ದಶಕದಲ್ಲಿ ಮಾಸ್ಟಿನ ಮೇಲ್ಭಾಗವನ್ನು ವಿದ್ಯುತ್ ಹರಿಯದ ವಸ್ತುವಿನಿಂದ ಮಾಡತೊಡಗಿತು. ನೀರಿನ ಮೇಲೆ ಹಾದುಹೋಗುವ ತಂತಿ ಇರುವಲ್ಲಿ, ಜಲಾಶಯ 90 ಅಡಿ ಇದ್ದಾಗ ಸಲೀಸಾಗಿ ದಾಟಿದ ಜಾಗದಲ್ಲಿ 124 ಅಡಿ ತುಂಬಿದಾಗ 34 ಅಡಿ ಕಡಿಮೆ ಸಿಗುತ್ತದೆ. ಸಮುದ್ರ ನಕ್ಷೆಯಲ್ಲಿ ವಿದ್ಯುತ್ ತಂತಿಗೆ ನೇರಳೆಗೆಂಪು ಬಣ್ಣದಲ್ಲಿ ಬರೆದ ಅಂಕಿ ಕಿಡಿ ಹಾರುವ ಅಂತರವನ್ನು ಕಳೆದು ಉಳಿದ ಸುರಕ್ಷಿತ ಎತ್ತರ. ಹಿನ್ನೀರಿಗೆ ಅಂಥ ನಕ್ಷೆ ಇಲ್ಲ. ಹಾಗಾಗಿ ಇಲ್ಲಿನ ನಿಯಮ ಒಂದೇ: ಮಾಸ್ಟ್ ನಿಂತಿರುವಾಗ ತಂತಿಯ ಕೆಳಗೆ ಹೋಗುವುದೇ ಇಲ್ಲ, ನೆಲದಲ್ಲೂ ನೀರಲ್ಲೂ.

ಮಾಸ್ಟ್ ಕರೆಂಟಿನ ತಂತಿಗೆ ತಗುಲಿಯೇ ಬಿಟ್ಟರೆ, ದೋಣಿಯಲ್ಲಿ ಇರುವವರು ಮಾಸ್ಟ್, ತಂತಿ, ಲೋಹದ ಯಾವುದನ್ನೂ ಮುಟ್ಟದೆ ಇದ್ದಲ್ಲೇ ಇರಬೇಕು. ನೀರಿಗೆ ಹಾರಬಾರದು. ಸಿಹಿನೀರಿಗಿಂತ ಮನುಷ್ಯನ ಮೈಯಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ, ಹಾಗಾಗಿ ಸಮುದ್ರಕ್ಕಿಂತ ಹಿನ್ನೀರಿನಲ್ಲಿ ಈ ಅಪಾಯ ಹೆಚ್ಚು. ಬೇರೆ ದೋಣಿಯವರು ಬಿಡಿಸಲು ಹತ್ತಿರ ಬರಬಾರದು, ದಡದವರು ಹಗ್ಗ ಎಸೆಯಬಾರದು. ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಹತ್ತಿರದ ಊರು, ಕಂಬದ ಮೇಲಿನ ಸಂಖ್ಯೆ ಹೇಳಿ ಲೈನ್ ಕಡಿಸಬೇಕು. ಒಮ್ಮೆ ಟ್ರಿಪ್ ಆಗಿ ಕಿಡಿ ನಿಂತಂತೆ ಕಂಡರೂ ಸ್ವಲ್ಪ ಹೊತ್ತಿಗೆ ಸಬ್‌ಸ್ಟೇಷನ್ನಿನಿಂದ ಮತ್ತೆ ಚಾರ್ಜ್ ಮಾಡುತ್ತಾರೆ. ಲೈನ್ ತೆಗೆದಿದ್ದೇವೆ ಎಂದು ಲೈನ್‌ಮನ್ ಬಾಯಿಂದ ಕೇಳುವವರೆಗೆ ಯಾರೂ ಅಲುಗಾಡಬಾರದು.